ಹಾಡಿನ ಪಂಕ್ತಿಯಲ್ಲಿ ಭೇದವೇಕೆ?



ಊಟದ ಪಂಕ್ತಿಯಲ್ಲಿ ಭೇದ ಮಾಡಬಾರದೆಂದು ನಮ್ಮ ಹಿರಿಯರು ಹೇಳಿಕೊಟ್ಟಿದ್ದಾರೆ. ಒಂದು ಸಾಲಿಗೆ ತುಪ್ಪ, ಇನ್ನೊಂದು ಸಾಲಿಗೆ ಬರೀ ತಿಳಿಸಾರು ಬಡಿಸಿದ ಮನೆಗೆ ಎರಡನೆಯ ಸಲ ಯಾರೂ ಹೋಗುವುದಿಲ್ಲ. ಈಗ ನಮ್ಮ ಸಂಘದ ಬೇಸಿಗೆ ಸಂಗೀತೋತ್ಸವದೊಳಕ್ಕೆ ಅದೇ ಪಂಕ್ತಿಭೇದ ಕಾಲಿಡುತ್ತಿದೆ. ಮುಂದಿನ ವರ್ಷದಿಂದ ಮೂರು ದರದ ಟಿಕೆಟ್ಟು ಇಡಬೇಕಂತೆ. ಮೊದಲ ನಾಲ್ಕು ಸಾಲು ಪೋಷಕರಿಗೆ, ನಡುವಿನ ಸಾಲುಗಳು ಅವರಿಗಿಂತ ಕಡಿಮೆ ಕೊಟ್ಟವರಿಗೆ, ಬಾಗಿಲ ಬಳಿಯ ಕುರ್ಚಿಗಳು ಉಳಿದವರಿಗೆ. ಈ ಪ್ರಸ್ತಾಪ ವಾರ್ಷಿಕ ಮಹಾಸಭೆಗೆ ಬರಲಿದೆ. ನಾವು ಇದನ್ನು ವಿರೋಧಿಸುತ್ತೇವೆ.

"ಈ ದೇಶದಲ್ಲಿ ಎಲ್ಲ ಉತ್ಸವಗಳೂ ಹೀಗೇ ನಡೆಯುವುದು" ಎಂಬುದು ಪ್ರಸ್ತಾಪದ ಪರವಾಗಿ ಕೇಳಿಬರುವ ಮೊದಲ ಮಾತು. ಹೀಗೆ ಹೇಳುವವರು ಯಾವ ಉತ್ಸವ ನೋಡಿ ಬಂದರೋ ತಿಳಿಯದು. ಹೇಗೂ ಬೇಸಿಗೆ ಬಂತೆಂದರೆ ನಮ್ಮ ಮನೆಗಳಲ್ಲಿ ಉತ್ಸವಗಳನ್ನು ತೂಗಿ ನೋಡುವುದೇ ಮಾತು: ಅಲ್ಲಿ ಊಟ ಚೆನ್ನ, ಇಲ್ಲಿ ಕಾರು ನಿಲ್ಲಿಸಲು ಜಾಗವಿಲ್ಲ, ಮತ್ತೊಂದು ಕಡೆ ಕೆಸರು. ಈ ಸಲ ಬೇರೆ ತಕ್ಕಡಿ ಹಿಡಿಯೋಣ. ಜೇಬಿನಲ್ಲಿ ಎಲ್ಲರಿಗಿಂತ ಕಡಿಮೆ ದುಡ್ಡಿದ್ದವನಿಗೆ ಆ ಉತ್ಸವದಲ್ಲಿ ಎಲ್ಲಿ ಜಾಗ? ಇದೊಂದೇ ಪ್ರಶ್ನೆ.

ಮೊದಲು ಲಂಡನ್ನಿನ ಪ್ರಾಮ್ಸ್. ರಾಬರ್ಟ್ ನ್ಯೂಮನ್ ಅವರ ಯೋಜನೆ, ಹೆನ್ರಿ ವುಡ್ ಅವರ ನಿರ್ದೇಶನದಲ್ಲಿ 1895ರ ಆಗಸ್ಟ್ 10ರಂದು ಕ್ವೀನ್ಸ್ ಹಾಲ್‌ನಲ್ಲಿ ಶುರುವಾಯಿತು. ನಿಂತು ಕೇಳುವವರಿಗೆ ಆಗ ಒಂದು ಶಿಲ್ಲಿಂಗ್. 1941ರಲ್ಲಿ ಬಾಂಬ್ ದಾಳಿಗೆ ಆ ಸಭಾಂಗಣ ನಾಶವಾದ ಮೇಲೆ ಉತ್ಸವ ರಾಯಲ್ ಆಲ್ಬರ್ಟ್ ಹಾಲ್‌ಗೆ ಬಂತು. ಅಲ್ಲಿಯೂ ಕುರ್ಚಿಗಳಿಗೆ ನಾನಾ ದರಗಳುಂಟು, ಇಲ್ಲವೆನ್ನುವುದಿಲ್ಲ. ಆದರೆ ವೇದಿಕೆಯ ಎದುರಿಗೇ ಇರುವ ನಡುಅಂಗಳ ಯಾರದು? ನಿಂತು ಕೇಳುವವರದು. 2024ರಲ್ಲಿ ಅಲ್ಲಿ ನಿಲ್ಲಲು 8 ಪೌಂಡ್. ಪಿಟೀಲು ನುಡಿಸುವವರ ಬೆರಳು ಕಾಣುವಷ್ಟು ಹತ್ತಿರದ ಜಾಗ ಎಲ್ಲಕ್ಕಿಂತ ಅಗ್ಗ! ಅದಕ್ಕೆ ಕೊಡಬೇಕಾದ ಇನ್ನೊಂದು ಬೆಲೆ, ಸರದಿಯಲ್ಲಿ ಕಾಯುವ ತಾಳ್ಮೆ ಮತ್ತು ಕಾಲುನೋವು.

ಎರಡನೆಯದು ಗ್ಲಾಸ್ಟನ್‌ಬರಿ. ಮೈಕೆಲ್ ಈವಿಸ್ ಅವರು ಸಾಮರ್ಸೆಟ್‌ನ ತಮ್ಮ ಹೈನುಗಾರಿಕೆಯ ಹೊಲದಲ್ಲಿ 1970ರಲ್ಲಿ ಇದನ್ನು ನಡೆಸಿದಾಗ ಟಿಕೆಟ್ಟು ಒಂದು ಪೌಂಡ್, ಜೊತೆಗೆ ಪುಕ್ಕಟೆ ಹಾಲು. 2025ರಲ್ಲಿ ಅದು 373.50 ಪೌಂಡ್ ಆಗಿತ್ತು. ಈ ದರ ನಮಗೂ ಒಪ್ಪಿಗೆಯಿಲ್ಲ. ನಾಲ್ಕು ಜನರ ಸಂಸಾರ ಅದೇ ದುಡ್ಡಿಗೆ ಊರಿಗೆ ಹೋಗುವ ಯೋಚನೆ ಮಾಡೀತು. ಆದರೆ ಗೇಟು ದಾಟಿದ ಮೇಲೆ ಪಿರಮಿಡ್ ವೇದಿಕೆಯ ಎದುರು ಮೊದಲು ಬಂದವರಿಗೆ ಮೊದಲ ಜಾಗ. ಇನ್ನೊಂದು ದಾರಿಯೂ ಇದೆ. ಆಕ್ಸ್‌ಫ್ಯಾಮ್ ಮೂಲಕ ಸ್ವಯಂಸೇವಕರಾಗಿ ಪಾಳಿಯಂತೆ ದುಡಿದರೆ ಟಿಕೆಟ್ಟು ಕೊಳ್ಳದೆಯೇ ಪ್ರವೇಶ. ದುಡ್ಡಿಲ್ಲದವನಿಗೆ ದುಡಿಮೆಯ ಬಾಗಿಲು ತೆರೆದಿದೆ.

ಮೂರನೆಯದು ನಮ್ಮದೇ. ನಮ್ಮ ನಾಡಿನ ಬೇಸಿಗೆ ಎಂದರೆ ಚೈತ್ರ, ಚೈತ್ರವೆಂದರೆ ರಾಮನವಮಿ. ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಎಸ್.ವಿ. ನಾರಾಯಣಸ್ವಾಮಿ ರಾವ್ ಅವರು 1939ರಲ್ಲಿ ಆರಂಭಿಸಿದ ಶ್ರೀ ರಾಮಸೇವಾ ಮಂಡಳಿಯ ಸಂಗೀತೋತ್ಸವ ಕೋಟೆ ಹೈಸ್ಕೂಲಿನ ಮೈದಾನದಲ್ಲಿ ಬೆಳೆಯಿತು. ಎಂ.ಎಸ್. ಸುಬ್ಬುಲಕ್ಷ್ಮಿ, ಭೀಮಸೇನ ಜೋಶಿ ಅಂಥವರು ಹಾಡಿದ ವೇದಿಕೆ ಅದು. ಚಪ್ಪರದೊಳಗೆ ಟಿಕೆಟ್ಟು ಇತ್ತು, ಮುಂದಿನ ಸಾಲೂ ಇತ್ತು. ಆದರೆ ಹಾಡು ತಡಿಕೆಯೊಳಗೇ ನಿಲ್ಲಲಿಲ್ಲ. ಧ್ವನಿವರ್ಧಕದ ಕೃಪೆಯಿಂದ ರಸ್ತೆಬದಿಯಲ್ಲಿ ಕೂತವರಿಗೂ ಅದೇ ಕಲ್ಯಾಣಿ, ಅದೇ ತೋಡಿ. ಚಾಪೆ ಹಾಸಿಕೊಂಡು ಕೂತವನನ್ನು ಯಾರೂ ಏಳಿಸಲಿಲ್ಲ. ಹಾಗೆ ಬೀದಿಯಲ್ಲಿ ಕೇಳಿ ಕೇಳಿಯೇ ರಾಗದ ಗುರುತು ಹಿಡಿಯಲು ಕಲಿತವರು ನಮ್ಮ ಸಂಘದಲ್ಲೇ ಇದ್ದಾರೆ.

ನೋಡಿ, ಮೂರು ಉತ್ಸವ, ಮೂರು ದಾರಿ. ಒಂದು ಕಡೆ ಬಡವನಿಗೆ ಮುಂದಿನ ಜಾಗ, ಇನ್ನೊಂದು ಕಡೆ ದುಡಿಮೆಗೆ ಪ್ರವೇಶ, ಮತ್ತೊಂದು ಕಡೆ ಬೀದಿಗೂ ಹಾಡು. ನಮ್ಮ ಪ್ರಸ್ತಾಪದಲ್ಲಿ ಈ ಮೂರರಲ್ಲಿ ಒಂದಾದರೂ ಇದೆಯೇ?

ದುಡ್ಡು ಎಲ್ಲಿಂದ ಬರಬೇಕೆಂದು ಕೇಳುತ್ತಾರೆ. ಕಲಾವಿದರ ವಿಮಾನದ ಖರ್ಚು, ವೀಸಾ, ಸಭಾಂಗಣದ ಬಾಡಿಗೆ, ಮೈಕಿನವರ ಬಿಲ್ಲು, ಖಜಾಂಚಿಯವರ ತಲೆನೋವು ನಮಗೂ ಗೊತ್ತು. ಧಾರಾಳವಾಗಿ ಕೊಡುವ ಕುಟುಂಬಗಳ ಬಗ್ಗೆ ನಮಗೆ ಗೌರವವಿದೆ. ಅವರ ಹೆಸರು ಸ್ಮರಣ ಸಂಚಿಕೆಯ ಮೊದಲ ಪುಟದಲ್ಲಿ ಬರಲಿ. ವೇದಿಕೆಗೆ ಕರೆದು ಶಾಲು ಹೊದಿಸೋಣ, ಚಪ್ಪಾಳೆ ತಟ್ಟೋಣ. ಆದರೆ ಕೊಟ್ಟದ್ದು ದಾನವಾದರೆ ಅದಕ್ಕೆ ಕುರ್ಚಿಯ ಬದಲಿ ಬೇಡ. ಕುರ್ಚಿ ಬೇಕೆಂದರೆ ಅದು ವ್ಯಾಪಾರ. ಎರಡನ್ನೂ ಒಂದೇ ರಸೀದಿಯಲ್ಲಿ ಬರೆಯಲಾಗದು.

ಬಾಗಿಲ ಬಳಿ ಕೂರಬೇಕಾದವರು ಯಾರೆಂದು ಯೋಚಿಸಿದ್ದೀರಾ? ಹೋದ ಸೆಪ್ಟೆಂಬರಿನಲ್ಲಿ ಬಂದು, ಬಾಡಿಗೆ ಕಟ್ಟಿ, ಉಳಿದ ಚಿಲ್ಲರೆ ಎಣಿಸುವ ವಿದ್ಯಾರ್ಥಿ. ರಾತ್ರಿ ಪಾಳಿ ಮುಗಿಸಿ ನೇರವಾಗಿ ಬರುವ ನರ್ಸ್. ಇಬ್ಬರು ಮಕ್ಕಳಿಗೂ ವಾರವಾರ ಸಂಗೀತ ಪಾಠಕ್ಕೆ ದುಡ್ಡು ಕಟ್ಟುವ ತಾಯಿ. ಆ ಮಕ್ಕಳೇ ಅಲ್ಲವೇ ಮೃದಂಗದ ಮೇಲೆ ಬೆರಳು ಹೇಗೆ ಓಡುತ್ತದೆಂದು ಹತ್ತಿರದಿಂದ ನೋಡಬೇಕಾದವರು? ಎದುರಿಗೆ ತಾಳ ಹಾಕುವ, ತಲೆದೂಗುವ ಕೇಳುಗರಿದ್ದರೆ ಹಾಡುವವರಿಗೂ ಹುರುಪು. ದುಬಾರಿ ಸಾಲುಗಳು ಊಟದ ಹೊತ್ತಿನವರೆಗೆ ಖಾಲಿ ಬಿದ್ದಿದ್ದರೆ ಅವರು ಕುರ್ಚಿಗಳಿಗೆ ಹಾಡಬೇಕೇ?

ಬರೀ ಬೇಡ ಎಂದು ಹೇಳಿ ಕೂರುವವರಲ್ಲ ನಾವು. ನಮ್ಮ ಸಲಹೆಗಳು ಇವು:

1. ದೊಡ್ಡವರಿಗೆಲ್ಲ ಒಂದೇ ದರ. ಮಕ್ಕಳಿಗೆ, ವಿದ್ಯಾರ್ಥಿಗಳಿಗೆ ಉಚಿತ.

2. ವೇದಿಕೆಯ ಮುಂದೆ ಜಮಖಾನ ಹಾಸಿ, ಮೊದಲು ಬಂದವರು ಕೂರಲಿ.

3. ಕಾಯ್ದಿರಿಸುವ ಕುರ್ಚಿಗಳು ಅಜ್ಜ ಅಜ್ಜಿಯರಿಗೆ, ನಡೆಯಲು ಕಷ್ಟವಿರುವವರಿಗೆ ಮಾತ್ರ. ಮುಖ್ಯ ಅತಿಥಿಗಳ ಸೋಫಾ ಬೇಡ.

4. ಟಿಕೆಟ್ಟಿನ ದುಡ್ಡು ಹೊಂದಿಸಲಾಗದವರು ಕುರ್ಚಿ ಜೋಡಿಸಲಿ, ಬಡಿಸಲಿ. ಅದೇ ಅವರ ಟಿಕೆಟ್ಟು.

5. ಇಷ್ಟಾದರೂ ಹಣ ಸಾಲದಿದ್ದರೆ ಒಬ್ಬ ದುಬಾರಿ ಕಲಾವಿದರನ್ನು ಕಡಿಮೆ ಮಾಡಿ, ನಮ್ಮ ಮಕ್ಕಳಿಗೆ ಅರ್ಧ ಗಂಟೆ ಹೆಚ್ಚು ಕೊಡೋಣ.

ದುಡ್ಡೇ ದೊಡ್ಡಪ್ಪ ಎಂಬ ಗಾದೆ ಸಂತೆಗೆ ಸರಿ. ಸಂಗೀತದ ಸಭೆಯಲ್ಲಿ ಯಾವ ದೊಡ್ಡಪ್ಪನಿಗೂ ಪ್ರತ್ಯೇಕ ಸಾಲು ಬೇಡ. ಮಹಾಸಭೆಗೆ ತಪ್ಪದೆ ಬನ್ನಿ, ಕೈ ಎತ್ತಿ ಹೇಳಿ.

— ಕೆಲವು ಸದಸ್ಯ ಕುಟುಂಬಗಳು