ಮೊದಲು ಬೀಳಲು ಕಲಿ

ಜೂಡೊ ಕಲಿಯಲು ಹೋದ ಮಗುವಿಗೆ ಮೊದಲ ದಿನವೇ ಎದುರಾಳಿಯನ್ನು ಎತ್ತಿ ಹಾಕುವ ಪಟ್ಟು ಹೇಳಿಕೊಡುವುದಿಲ್ಲ. ಬೀಳುವುದನ್ನು ಹೇಳಿಕೊಡುತ್ತಾರೆ. ಗದ್ದವನ್ನು ಎದೆಗೆ ಒತ್ತಿಕೊಳ್ಳಬೇಕು, ಬೆನ್ನು ದುಂಡಗಾಗಬೇಕು, ನೆಲ ತಾಗುವ ಹೊತ್ತಿಗೆ ಅಂಗೈ ಮತ್ತು ತೋಳಿನಿಂದ ಮ್ಯಾಟ್‌ಗೆ ಪಟ್ಟನೆ ಬಡಿಯಬೇಕು. ಆಗ ಬಿದ್ದ ಪೆಟ್ಟು ಮೈಯೆಲ್ಲ ಹಂಚಿಹೋಗುತ್ತದೆ, ತಲೆ ಉಳಿಯುತ್ತದೆ. ಜಪಾನಿ ಭಾಷೆಯಲ್ಲಿ ಇದರ ಹೆಸರು ‘ಉಕೆಮಿ’. ಹಿಂದಕ್ಕೆ ಬೀಳು, ಪಕ್ಕಕ್ಕೆ ಬೀಳು, ಮುಂದಕ್ಕೆ ಉರುಳು. ದಿನಗಟ್ಟಲೆ ಇದೇ ಪಾಠ.

ಈ ಆಟದ ಮೇಲೆ ನನಗೆ ಗೌರವ ಹುಟ್ಟಿದ್ದೇ ಈ ಮೊದಲ ಪಾಠದಿಂದ. ಬೀಳದೆ ಯಾರೂ ಕಲಿಯುವುದಿಲ್ಲ ಎಂದು ಬಾಯಲ್ಲಿ ಹೇಳುವವರು ಬಹಳ ಮಂದಿ. ಬೀಳುವುದು ಹೇಗೆ ಎಂದು ಕೂರಿಸಿ ಕಲಿಸುವವರು ಕಡಿಮೆ. ಆದರೆ ಮೈ ಬಿದ್ದರೆ ಉಕೆಮಿ ಇದೆ, ಮನಸ್ಸು ಬಿದ್ದರೆ ಏನು ಮಾಡಬೇಕು? 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಜೂಡೊ ಅಂಕಣದಲ್ಲಿ ಈ ಪ್ರಶ್ನೆ ಎಲ್ಲರ ಕಣ್ಣೆದುರಿಗೇ ಬಂತು.

ಮೊದಲು ಆಟದ ಬಗ್ಗೆ ಎರಡು ಮಾತು. 1882ರಲ್ಲಿ ಟೋಕಿಯೊದ ಒಂದು ಬೌದ್ಧ ದೇವಾಲಯದಲ್ಲಿ ಜಿಗೊರೊ ಕಾನೊ ಎಂಬ ಯುವ ಶಿಕ್ಷಕ ಕೆಲವೇ ಶಿಷ್ಯರನ್ನಿಟ್ಟುಕೊಂಡು ಜೂಡೊ ಆರಂಭಿಸಿದ. ‘ಜೂಡೊ’ ಎಂದರೆ ಮೃದುವಾದ ಮಾರ್ಗ ಎಂದರ್ಥ. ಎದುರಾಳಿ ತಳ್ಳಿದರೆ ಎದುರು ತಳ್ಳಬೇಡ, ಆ ಬಲವನ್ನೇ ಬಳಸಿಕೊಂಡು ಅವನನ್ನು ಕೆಡವು ಎಂಬುದು ಅದರ ತಿರುಳು. 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಜೂಡೊ ಸೇರಿತು. ಮಹಿಳೆಯರಿಗೆ ಪದಕದ ಸ್ಪರ್ಧೆ ಶುರುವಾದದ್ದು 1992ರ ಬಾರ್ಸಿಲೋನಾದಲ್ಲಿ.

ಪಂದ್ಯದ ಅವಧಿ ನಾಲ್ಕೇ ನಿಮಿಷ. ನಮ್ಮ ಗರಡಿಯ ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ತಾಗಿ ‘ಚಿತ್’ ಆದಂತೆ, ಇಲ್ಲಿ ಎದುರಾಳಿಯನ್ನು ರಭಸದಿಂದ, ಹಿಡಿತ ತಪ್ಪದೆ ಬೆನ್ನ ಮೇಲೆ ಕೆಡವಿದರೆ ‘ಇಪ್ಪೊನ್’. ಅಲ್ಲಿಗೆ ಪಂದ್ಯ ಮುಗಿಯಿತು. ಮೊದಲ ಹತ್ತು ಸೆಕೆಂಡಿನಲ್ಲೇ ಮುಗಿದರೂ ಮುಗಿದಂತೆಯೇ. ಅದಕ್ಕಿಂತ ಕೊಂಚ ಕಡಿಮೆ ಅಚ್ಚುಕಟ್ಟಾದ ಎಸೆತಕ್ಕೆ ‘ವಾಜಾ-ಆರಿ’. ಅಂಥವು ಎರಡಾದರೆ ಒಂದು ಇಪ್ಪೊನ್. ಆದರೆ ಒಂದು ವಾಜಾ-ಆರಿಯಿಂದ ಮುಂದಿದ್ದೇನೆ ಎಂದು ಯಾರೂ ನಿಶ್ಚಿಂತೆಯಿಂದ ಇರುವಂತಿಲ್ಲ. ಎದುರಾಳಿಯ ಒಂದು ಒಳ್ಳೆಯ ಎಸೆತ ಎಲ್ಲ ಲೆಕ್ಕವನ್ನೂ ಅಳಿಸಿಹಾಕುತ್ತದೆ.

ಇನ್ನು ಕಥೆಗೆ ಬರೋಣ. ಜಪಾನಿನ ಕೋಬೆ ನಗರದ ಅಣ್ಣ-ತಂಗಿ ಹಿಫುಮಿ ಅಬೆ ಮತ್ತು ಉತಾ ಅಬೆ. ಅಣ್ಣನಿಗಿಂತ ತಂಗಿ ಮೂರು ವರ್ಷ ಚಿಕ್ಕವಳು. 2021ರ ಜುಲೈ 25ರಂದು, ಟೋಕಿಯೊದಲ್ಲಿ, ಉತಾ 52 ಕಿಲೋ ವಿಭಾಗದಲ್ಲಿ ಚಿನ್ನ ಗೆದ್ದಳು. ಅದೇ ದಿನ ಹಿಫುಮಿ 66 ಕಿಲೋ ವಿಭಾಗದಲ್ಲಿ ಚಿನ್ನ ಗೆದ್ದ. ಒಂದೇ ಮನೆಗೆ ಒಂದೇ ದಿನ ಎರಡು ಒಲಿಂಪಿಕ್ಸ್ ಚಿನ್ನ! ಮೂರು ವರ್ಷದ ನಂತರ ಪ್ಯಾರಿಸ್‌ನಲ್ಲೂ ಇಬ್ಬರ ಸ್ಪರ್ಧೆ ಒಂದೇ ದಿನ, ಜುಲೈ 28ರಂದು. ಮತ್ತೆ ಜೋಡಿ ಚಿನ್ನ ಬರುತ್ತದೆಂದು ಜಪಾನ್ ಕಾದು ಕುಳಿತಿತ್ತು.

ಎರಡನೇ ಸುತ್ತಿನಲ್ಲಿ ಉತಾಳಿಗೆ ಎದುರಾದವಳು ಉಜ್ಬೇಕಿಸ್ತಾನದ ದಿಯೋರಾ ಕೆಲ್ದಿಯೊರೊವಾ. ಉತಾ ಒಂದು ವಾಜಾ-ಆರಿ ಪಡೆದು ಮುಂದಿದ್ದಳು. ಅಷ್ಟರಲ್ಲಿ ದಿಯೋರಾ ಆಕೆಯನ್ನು ಬೆನ್ನ ಮೇಲೆ ಕೆಡವಿದಳು. ಇಪ್ಪೊನ್. ನಿಯಮದ ಪ್ರಕಾರ ಕಂಚಿಗಾಗಿ ಮತ್ತೊಂದು ಅವಕಾಶ ಸಿಗುವುದು ಕ್ವಾರ್ಟರ್ ಫೈನಲ್‌ವರೆಗಾದರೂ ಬಂದವರಿಗೆ ಮಾತ್ರ. ಉತಾಳ ಒಲಿಂಪಿಕ್ಸ್ ಅಲ್ಲಿಗೇ ಮುಗಿದಿತ್ತು. ವರ್ಷಗಟ್ಟಲೆ ಸೋಲು ಕಾಣದಿದ್ದ ಹುಡುಗಿ ಅಂಕಣದಾಚೆ ಕೋಚ್‌ನನ್ನು ಹಿಡಿದುಕೊಂಡು ಬಿಕ್ಕಿ ಬಿಕ್ಕಿ, ಕೊನೆಗೆ ಗೋಳಾಡಿ ಅತ್ತಳು. ಇಡೀ ಸಭಾಂಗಣಕ್ಕೆ ಆ ಅಳು ಕೇಳಿಸಿತು. ಪ್ರೇಕ್ಷಕರು “ಉತಾ! ಉತಾ!” ಎಂದು ಕೂಗಿ ಸಮಾಧಾನ ಹೇಳಿದರು.

ಎಲ್ಲರೂ ಸಮಾಧಾನ ಹೇಳಲಿಲ್ಲ. ಜೂಡೊದಲ್ಲಿ ಮರ್ಯಾದೆ ಮುಖ್ಯ, ಚಾಂಪಿಯನ್ ಆದವಳು ಹೀಗೆ ಅಳಬಾರದಿತ್ತು, ಮುಂದಿನ ಪಂದ್ಯ ಆಡುವವರಿಗೆ ಅಡ್ಡಿಯಾಗುತ್ತದೆ ಎಂದು ಆಕೆಯ ದೇಶದವರೇ ಕೆಲವರು ಟೀಕಿಸಿದರು. ಆ ಮಾತಿನಲ್ಲಿ ಸ್ವಲ್ಪ ಹುರುಳಿದೆ. ಜೂಡೊ ಪಂದ್ಯ ಶುರುವಾಗುವುದು ತಲೆಬಾಗಿ, ಮುಗಿಯುವುದೂ ತಲೆಬಾಗಿ. ಎದುರಾಳಿ ಇಲ್ಲದಿದ್ದರೆ ಆಟವೇ ಇಲ್ಲ, ಆದ್ದರಿಂದ ಕೆಡವಿದವಳಿಗೂ ವಂದಿಸಬೇಕು. ಆದರೆ ನನಗೆ ತೋರುವುದು ಇಷ್ಟು: ತಲೆಬಾಗು ಎಂದು ನಿಯಮ ಹೇಳುತ್ತದೆ, ಕಣ್ಣು ಒಣಗಿರಲಿ ಎಂದು ಎಲ್ಲೂ ಹೇಳುವುದಿಲ್ಲ. ಗೆದ್ದವಳಿಗೆ ಸಲ್ಲಬೇಕಾದದ್ದು ಸಂದ ಮೇಲೆ ಉಳಿದ ದುಃಖ ಸೋತವಳ ಸ್ವಂತದ್ದು. ಉತಾ ತೀರ್ಪುಗಾರರನ್ನು ದೂರಲಿಲ್ಲ, ಎದುರಾಳಿಯನ್ನು ಹಳಿಯಲಿಲ್ಲ. ಅತ್ತಳು, ಅಷ್ಟೇ. ಅಂದು ಚಿನ್ನ ಗೆದ್ದವಳು ಆ ದಿಯೋರಾಳೇ.

ಅಣ್ಣನ ಕಥೆ ಏನಾಯಿತು ಎಂದು ಮಕ್ಕಳು ಕೇಳುತ್ತೀರಿ. ತಂಗಿಯ ಸೋಲನ್ನು ಎದೆಯಲ್ಲಿಟ್ಟುಕೊಂಡೇ ಹಿಫುಮಿ ಅಂದು ಫೈನಲ್ ತಲುಪಿ, ಬ್ರೆಜಿಲಿನ ವಿಲಿಯನ್ ಲಿಮಾನನ್ನು ಸೋಲಿಸಿ ಚಿನ್ನ ಗೆದ್ದ. ಆರು ದಿನಗಳ ನಂತರ ಮಿಶ್ರ ತಂಡ ಸ್ಪರ್ಧೆಯ ಫೈನಲ್‌ನಲ್ಲಿ, ತನಗಿಂತ ಹೆಚ್ಚು ತೂಕದ ವಿಭಾಗದ ಫ್ರಾನ್ಸ್ ಆಟಗಾರ ಜೊವಾನ್ ಬೆಂಜಮಿನ್ ಗಾಬಾನ ಎದುರು ಅವನೂ ಸೋತ, ಜಪಾನ್ ತಂಡವೂ ಸೋತಿತು. ಹೀಗೆ ಒಂದೇ ವಾರದಲ್ಲಿ ಆ ಮನೆ ಚಿನ್ನವನ್ನೂ ಕಂಡಿತು, ಕಣ್ಣೀರನ್ನೂ ಕಂಡಿತು.

ಅದೇ ಪ್ಯಾರಿಸ್‌ನಲ್ಲಿ ನಮ್ಮ ದೇಶದಿಂದ ಜೂಡೊಗೆ ಹೋದವಳು ತುಲಿಕಾ ಮಾನ್ ಒಬ್ಬಳೇ. 2022ರ ಬರ್ಮಿಂಗ್‌ಹ್ಯಾಂ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದವಳು. ಪ್ಯಾರಿಸ್‌ನಲ್ಲಿ ಮೊದಲ ಪಂದ್ಯದಲ್ಲೇ ಕ್ಯೂಬಾದ ಇದಾಲಿಸ್ ಒರ್ಟಿಸ್ ಎದುರಾದಳು. ಆಕೆ 2012ರ ಒಲಿಂಪಿಕ್ಸ್ ಚಿನ್ನದ ಒಡತಿ. ಪಂದ್ಯ ಅರ್ಧ ನಿಮಿಷದೊಳಗೆ ಮುಗಿದುಹೋಯಿತು. ಆ ಅರ್ಧ ನಿಮಿಷಕ್ಕಾಗಿ ತುಲಿಕಾ ಎಷ್ಟು ಬೆಳಗಿನ ಜಾವ ಎದ್ದಿದ್ದಳೋ! ಉತಾಳ ಸೋಲನ್ನು ಜಗತ್ತೇ ನೋಡಿತು, ತುಲಿಕಾಳ ಸೋಲು ಪತ್ರಿಕೆಯ ಒಂದು ಮೂಲೆಯಲ್ಲಿ ಮುಗಿಯಿತು. ನೋವಿನ ತೂಕ ಮಾತ್ರ ಇಬ್ಬರಿಗೂ ಒಂದೇ ಇದ್ದೀತು.

ನಮ್ಮ ಮನೆಗಳಲ್ಲೂ ಇಂಥ ಸೋಲುಗಳಿವೆ. ಶಾಲೆಯ ಖೋಖೋ, ಪ್ರಬಂಧ ಸ್ಪರ್ಧೆ, ಒಂದು ಅಂಕದಲ್ಲಿ ತಪ್ಪಿದ ಬಹುಮಾನ. ಮಗು ಮುಖ ಬಾಡಿಸಿಕೊಂಡು ಬಂದ ಕೂಡಲೇ ನಮ್ಮಲ್ಲಿ ಕೆಲವರು “ಇಷ್ಟಕ್ಕೆಲ್ಲ ಅಳ್ತಾರಾ? ಗಂಡು ಹುಡುಗ ನೀನು” ಎನ್ನುತ್ತೇವೆ. ಕೆಲವರು “ಬಿಡು, ಟೀಚರ್ ಪಕ್ಷಪಾತ ಮಾಡಿದ್ದಾರೆ” ಎನ್ನುತ್ತೇವೆ. ಮೊದಲ ಮಾತು ಅಳುವನ್ನು ಒಳಗೆ ತಳ್ಳುತ್ತದೆ. ಎರಡನೆಯದು ಇನ್ನೂ ಕೆಟ್ಟದ್ದು, ಅದು ಗೆದ್ದ ಮಗುವಿನ ಶ್ರಮವನ್ನೇ ಕದಿಯುತ್ತದೆ. ಜೂಡೊದಲ್ಲಿ ಇನ್ನೊಂದು ಒಳ್ಳೆಯ ಪದ್ಧತಿ ಇದೆ. ಹಿಡಿತದಲ್ಲಿ ಸಿಕ್ಕಿ ನೋವು ತಾಳಲಾಗದಿದ್ದರೆ ಎದುರಾಳಿಯ ಮೈಮೇಲೋ ಮ್ಯಾಟ್ ಮೇಲೋ ಎರಡು ಸಲ ತಟ್ಟಬೇಕು. ತಟ್ಟಿದ ಕ್ಷಣವೇ ಹಿಡಿತ ಬಿಡಬೇಕು. ‘ಸಾಕು’ ಎಂದು ಹೇಳಲು ಮಗುವಿಗೆ ಅವಕಾಶ, ಕೇಳಿಸಿಕೊಂಡು ಬಿಡಲು ಎದುರಿನವರಿಗೆ ಕಟ್ಟುಪಾಡು. ಮನೆಯಲ್ಲಿ ಮಗುವಿನ ಅಳುವೂ ಅಂಥದೇ ಒಂದು ತಟ್ಟುವಿಕೆ. ಆಗ ಉಪದೇಶದ ಹಿಡಿತ ಬಿಗಿ ಮಾಡಬಾರದು.

ಉತಾ 2025ರ ಜೂನ್‌ನಲ್ಲಿ ಬುಡಾಪೆಸ್ಟ್‌ನ ವಿಶ್ವ ಚಾಂಪಿಯನ್‌ಷಿಪ್‌ಗೆ ಮರಳಿ, ಐದನೇ ಸಲ ವಿಶ್ವ ಚಾಂಪಿಯನ್ ಆದಳು. ಅತ್ತಿದ್ದರಿಂದ ಗೆದ್ದಳು ಎಂದು ನಾನು ಹೇಳುತ್ತಿಲ್ಲ. ಅತ್ತವರು ದುರ್ಬಲರು ಎಂಬ ಮಾತು ಮಾತ್ರ ನಿಲ್ಲುವುದಿಲ್ಲ.

ಈ ವಾರ ನಿಮ್ಮ ಮನೆಯಲ್ಲಿ ಯಾರಾದರೂ ಸೋತು ಬಂದರೆ, ಗೆದ್ದವರಿಗೆ ಶುಭಾಶಯ ಹೇಳಿಬಂದೆಯಾ ಎಂದು ಒಂದು ಮಾತು ಕೇಳಿ. ಹೇಳಿದ್ದರೆ ಬೆನ್ನು ತಟ್ಟಿ. ಆಮೇಲೆ ಅಳಲು ಬಿಡಿ. ಪಕ್ಕದಲ್ಲಿ ಸುಮ್ಮನೆ ಕೂತಿರಿ. ಅಳು ನಿಂತ ಮೇಲೆ “ಊಟಕ್ಕೆ ಬಡಿಸಲಾ?” ಎಂದರೆ ಸಾಕು. ತಪ್ಪು ಎಲ್ಲಾಯಿತು ಎಂಬ ಲೆಕ್ಕ ನಾಳೆ ಬೆಳಿಗ್ಗೆ ಹಾಕಿದರಾಯಿತು.