ಮನೆ ಹೆಸರೇನು ಅಂತ ಕೇಳುವವರು ಯಾರು?

ಕೊಡಗಿನಲ್ಲಿ ಜಾತಿಯನ್ನು ಬಾಯಿಬಿಟ್ಟು ಕೇಳಬೇಕಾಗಿಲ್ಲ. ‘ನಿಮ್ಮ ಮನೆ ಹೆಸರೇನು?’ ಅಂದರೆ ಸಾಕು. ಕೊಡವರಿಗೆ, ಅರೆಭಾಷೆ ಗೌಡರಿಗೆ ಮನೆತನದ ಹೆಸರಿದೆ. ಆ ಹೆಸರಿನ ಹಿಂದೆ ಐನ್‌ಮನೆ ಇದೆ, ಗದ್ದೆ ಇದೆ. ಕಾಫಿ ತೋಟದ ಲೈನ್‌ಮನೆಯಲ್ಲಿ ಹುಟ್ಟಿದ ನಮಗೇನಿದೆ? ಸಾಹುಕಾರರ ಎಸ್ಟೇಟಿನ ಹೆಸರೇ ನಮ್ಮ ವಿಳಾಸ. ತಡವರಿಸಿದರೆ ಅದೇ ಉತ್ತರ. ಮಡಿಕೇರಿಯಲ್ಲೋ ವಿರಾಜಪೇಟೆಯಲ್ಲೋ ರೂಮು ಹುಡುಕಿದ ಗೆಳೆಯರಿಗೆ ಇದು ಗೊತ್ತು. ಬೆಳಿಗ್ಗೆ ಖಾಲಿಯಿದ್ದ ರೂಮಿಗೆ ಸಂಜೆ ಹೊತ್ತಿಗೆ ಮಾಲೀಕರ ನೆಂಟರು ಬಂದುಬಿಡ್ತಾರೆ!

ಹಾಗಾದರೆ ಜಾತಿ ಹೇಳಬೇಕೋ, ಬೇಡವೋ? ಹಾಸ್ಟೆಲಿನಲ್ಲಿ ಈ ಜಗಳ ಮುಗಿಯೋದೇ ಇಲ್ಲ. ‘ಮುಚ್ಚಿಡೋದು ಹೇಡಿತನ, ಎದೆ ತಟ್ಟಿ ಹೇಳಿ’ ಅನ್ನೋರು ಒಂದು ಕಡೆ. ‘ಹೇಳಿ ಬೀದಿಗೆ ಬೀಳೋದ್ಯಾಕೆ?’ ಅನ್ನೋರು ಇನ್ನೊಂದು ಕಡೆ. ನಾವು ಹೇಳೋದು ಇಷ್ಟೆ: ಕೇಳುವವನು ಯಾರು, ಉತ್ತರ ಇಟ್ಟುಕೊಂಡು ಏನು ಮಾಡ್ತಾನೆ, ಮೊದಲು ಅದನ್ನು ನೋಡಿ.

1917ರಲ್ಲಿ ಬರೋಡಕ್ಕೆ ನೌಕರಿಗೆ ಹೋದ ಅಂಬೇಡ್ಕರರು ತಂಗಲು ಜಾಗ ಸಿಗದೆ ಪಾರ್ಸಿ ಹೆಸರಿಟ್ಟುಕೊಂಡು ಪಾರ್ಸಿ ಛತ್ರದಲ್ಲಿದ್ದರು. ಗೊತ್ತಾದಾಗ ದೊಣ್ಣೆ ಹಿಡಿದ ಗುಂಪು ಬಂದು ಹೊರಹಾಕಿತು. ಅವರನ್ನು ಹೇಡಿ ಅನ್ನಲು ಯಾರಿಗೆ ಬಾಯಿ ಬರುತ್ತೆ? ನಾಚಬೇಕಾದವರು ದೊಣ್ಣೆ ಹಿಡಿದವರು. ಆದರೆ ಸುಳ್ಳು ಹೆಸರನ್ನು ಹಗಲೂ ರಾತ್ರಿ ಕಾಯಬೇಕು. ಮೌನಕ್ಕೆ ಆ ಕಾವಲು ಬೇಕಿಲ್ಲ. ‘ಬಾಡಿಗೆ ಎಷ್ಟು, ಅಡ್ವಾನ್ಸ್ ಎಷ್ಟು, ಅದು ಹೇಳಿ’ ಅನ್ನೋದು ಸುಳ್ಳಲ್ಲ. ಆಧಾರ್ ಕಾರ್ಡಿನಲ್ಲಿ ಜಾತಿ ಇಲ್ಲ. ಜಾತಿ ಸರ್ಟಿಫಿಕೇಟು ನೋಡುವ ಅಧಿಕಾರ ಮನೆ ಮಾಲೀಕನಿಗಿಲ್ಲ.

ನಮ್ಮ ಪಾಲು ಲೆಕ್ಕ ಹಾಕಲು ಬಂದವರ ಮಾತು ಬೇರೆ. 2025ರ ಮೇ 5ರಿಂದ ನ್ಯಾಯಮೂರ್ತಿ ನಾಗಮೋಹನದಾಸ್ ಆಯೋಗ ಒಳಮೀಸಲಾತಿಗಾಗಿ ಮನೆಮನೆ ಸಮೀಕ್ಷೆ ನಡೆಸಿತು. ಪರಿಶಿಷ್ಟರ ಪಟ್ಟಿಯಲ್ಲಿ 101 ಜಾತಿಗಳಿವೆ. ಆದಿ ಕರ್ನಾಟಕ, ಆದಿ ದ್ರಾವಿಡ ಅಂತಷ್ಟೇ ಬರೆಸಿದರೆ ಯಾರು ಎಷ್ಟು ಜನ ಅಂತ ತಿಳಿಯೋದಿಲ್ಲ, ಮೂಲ ಜಾತಿ ಹೇಳಿ ಅಂದರು. ಅಲ್ಲಿ ಬಾಯಿ ಮುಚ್ಚಿಕೊಂಡರೆ ನಷ್ಟ ನಮಗೇ. ಸ್ಕಾಲರ್‌ಶಿಪ್ಪಿಗೂ ಇದೇ ಮಾತು. ಸರ್ಟಿಫಿಕೇಟಿನ ಆರ್.ಡಿ. ನಂಬರು ಅರ್ಜಿಗೆ ಬೇಕು, ಕೊಡಿ. ಕ್ಲಾಸಿನ ವಾಟ್ಸಾಪ್ ಗುಂಪಿಗೆ ಅದು ಬೇಕಿಲ್ಲ.

ಕೊಟ್ಟದ್ದನ್ನು ಕಾಯುವ ಹೊಣೆ ಪಡೆದವರದು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ ನಡೆದಾಗ, ಉತ್ತರಕ್ಕೆ ಬಲವಂತ ಮಾಡಬಾರದು, ಮಾಹಿತಿ ಬಯಲು ಮಾಡಬಾರದು ಅಂತ ಹೈಕೋರ್ಟು ಹೇಳಿತು. ಅದಕ್ಕೂ ಮೊದಲು, 2017ರ ಆಗಸ್ಟ್ 24ರಂದು, ಸುಪ್ರೀಂ ಕೋರ್ಟಿನ 9 ನ್ಯಾಯಾಧೀಶರು ಖಾಸಗಿತನ ಮೂಲಭೂತ ಹಕ್ಕು ಅಂತ ಒಮ್ಮತದಿಂದ ತೀರ್ಪು ಕೊಟ್ಟರು. ಆ ದಾವೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಹೇಳೋದು ನಮ್ಮ ಹಕ್ಕು. ಹೇಳದೆ ಇರೋದೂ ನಮ್ಮ ಹಕ್ಕೇ. ಎರಡನ್ನೂ ಅಳೆಯೋದು ಹೆದರಿಕೆಯಿಂದಲ್ಲ, ಬುದ್ಧಿಯಿಂದ.

ಗೆಳೆಯರೇ, ಕೊನೆಯ ಮಾತು ನಮಗೆ ನಾವೇ ಹೇಳಿಕೊಳ್ಳಬೇಕಾದ್ದು. ಕಾಲೇಜಿನಲ್ಲಿ ಸುಮ್ಮನಿರುವ ಗೆಳೆಯನನ್ನೋ ಗೆಳತಿಯನ್ನೋ ತೋರಿಸಿ ‘ಇವರೂ ನಮ್ಮವರೇ’ ಅಂತ ಅಭಿಮಾನದಿಂದ ಕೂಗಬೇಡಿ. ಅವರು ಯಾವ ಮನೆಯಲ್ಲಿ ಬಾಡಿಗೆಗಿದ್ದಾರೋ, ಯಾರ ಕೈಕೆಳಗೆ ಕೆಲಸಕ್ಕಿದ್ದಾರೋ ನಮಗೇನು ಗೊತ್ತು? ಅವರ ಜಾತಿಯನ್ನು ಅವರೇ ಹೇಳಲಿ. ಹೇಳಿದ ದಿನ ಅವರ ಪಕ್ಕದಲ್ಲಿ ನಿಲ್ಲೋಣ.