ಹೆಸರಲ್ಲಿ ನಿದ್ರೆ ಇದ್ದರೆ ಸಾಕೇ?

ವಯನಾಡಿನ ಕಾಡಂಚಿನ ಗದ್ದೆಗಳಲ್ಲಿ ಬತ್ತ ತೆನೆ ಬಿಡುವ ಕಾಲಕ್ಕೆ ರೈತರಿಗೆ ರಾತ್ರಿ ನಿದ್ದೆಯಿಲ್ಲ. ಮುತ್ತಂಗ, ತೋಲ್ಪೆಟ್ಟಿ ಕಾಡಿನಿಂದ ಆನೆ ಇಳಿಯುತ್ತದೆ, ಹಂದಿ ನುಗ್ಗುತ್ತದೆ. ಮರದ ಮೇಲೆ ಅಟ್ಟಣೆ ಕಟ್ಟಿ, ಟಾರ್ಚು ಹಿಡಿದು ಬೆಳಗಿನವರೆಗೆ ಕಾವಲು ಕೂರಬೇಕು. ಕಬಿನಿಯ ಆಚೆ ದಡದಲ್ಲಿರುವ ನಮ್ಮ ಬೈರಕುಪ್ಪೆಯವರದ್ದೂ ಇದೇ ಪಾಡು. ಹೀಗೆ ಎರಡು ರಾತ್ರಿ ಕಣ್ಣುಬಿಟ್ಟು ಕೂತವರು ಮೂರನೆಯ ದಿನ ತಲೆ ಊರಿದರೆಂದರೆ ಪಕ್ಕದಲ್ಲಿ ಡೋಲು ಬಡಿದರೂ ಏಳುವುದಿಲ್ಲ. ಕಳೆದುಕೊಂಡ ನಿದ್ದೆಯ ಲೆಕ್ಕವನ್ನು ದೇಹ ಎಲ್ಲೋ ಬರೆದಿಡುತ್ತದೆ ಅಂತಾಯ್ತು. ಆ ಲೆಕ್ಕ ಬರೆಯುವ ಶಾಯಿ ಯಾವುದು?

ನೂರು ವರ್ಷಕ್ಕೂ ಹಳೆಯ ಪ್ರಶ್ನೆ ಇದು. 1909ರಲ್ಲಿ ಜಪಾನಿನ ಇಶಿಮೋರಿ, ಅದೇ ಕಾಲದಲ್ಲಿ ಫ್ರಾನ್ಸಿನ ಆಂರಿ ಪಿಯೆರೋನ್ ಇದಕ್ಕೆ ಉತ್ತರ ಹುಡುಕಿದರು. ನಾಯಿಗಳನ್ನು ದಿನಗಟ್ಟಲೆ ಮಲಗಲು ಬಿಡದೆ, ಅವುಗಳ ಮೆದುಳಿನಿಂದ ತೆಗೆದ ದ್ರವವನ್ನು ಚೆನ್ನಾಗಿ ಮಲಗಿ ಎದ್ದ ಬೇರೆ ನಾಯಿಗಳಿಗೆ ಚುಚ್ಚಿದರು. ಆ ನಾಯಿಗಳೂ ತೂಕಡಿಸಿದವು! ಅಂದರೆ ಎಚ್ಚರ ಇದ್ದಷ್ಟೂ ಮೆದುಳಿನಲ್ಲಿ ಏನೋ ಒಂದು ರಾಸಾಯನಿಕ ಸೇರಿಕೊಳ್ಳುತ್ತದೆ ಎಂದು ಅವರು ಊಹಿಸಿದರು. ಏನದು ಎಂದು ಹೇಳುವ ಉಪಕರಣಗಳು ಆಗ ಇರಲಿಲ್ಲ.

ಮುಂದೆ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಮಾರ್ಸೆಲ್ ಮೊನಿಯೇ ಎಂಬವರು ಮೊಲಗಳ ಮೆದುಳಿನ ಥಲಾಮಸ್ ಭಾಗಕ್ಕೆ ಸಣ್ಣ ವಿದ್ಯುತ್ ಕೊಟ್ಟು ಅವನ್ನು ಮಲಗಿಸಿದರು. ಮಲಗಿದ ಮೊಲದ ಮೆದುಳಿನಿಂದ ಬರುವ ರಕ್ತವನ್ನು ಸೋಸಿ ಇನ್ನೊಂದು ಮೊಲಕ್ಕೆ ಕೊಟ್ಟರು. ಎರಡನೆಯ ಮೊಲದ ಇ.ಇ.ಜಿ.ಯಲ್ಲಿ ಡೆಲ್ಟಾ ಅಲೆಗಳು ಹೆಚ್ಚಿದವು. ಡೆಲ್ಟಾ ಅಂದರೆ ಸೆಕೆಂಡಿಗೆ ನಾಲ್ಕಕ್ಕಿಂತ ಕಡಿಮೆ ಸಲ ಏರಿಳಿಯುವ ನಿಧಾನದ ಅಲೆ. ಗಾಢ ನಿದ್ದೆಯ ಗುರುತು ಅದು. ಕಾವಲು ಮುಗಿಸಿ ಬಂದ ರೈತ ಮಲಗಿದಾಗ ಹೆಚ್ಚಾಗುವುದೂ ಇದೇ ಅಲೆ.

1977ರಲ್ಲಿ ಶೋನೆನ್‌ಬರ್ಗರ್ ಮತ್ತು ಮೊನಿಯೇ ಸೇರಿ ಆ ವಸ್ತುವಿನ ರಚನೆಯನ್ನು ಪ್ರಕಟಿಸಿದರು. ಬರೀ ಒಂಬತ್ತು ಅಮೈನೋ ಆಮ್ಲಗಳ ಪುಟ್ಟ ಸರಪಳಿ. ಇನ್ಸುಲಿನ್‌ನಲ್ಲಿ 51 ಇವೆ, ಹೋಲಿಸಿ ನೋಡಿ. ಟ್ರಿಪ್ಟೊಫಾನ್‌ನಿಂದ ಶುರುವಾಗಿ ಗ್ಲುಟಾಮಿಕ್ ಆಮ್ಲದಲ್ಲಿ ಮುಗಿಯುವ ಈ ಸರಪಳಿಗೆ ಡೆಲ್ಟಾ ಸ್ಲೀಪ್ ಇಂಡ್ಯೂಸಿಂಗ್ ಪೆಪ್ಟೈಡ್ ಎಂದು ಹೆಸರಿಟ್ಟರು. ಡೆಲ್ಟಾ ನಿದ್ದೆ ತರಿಸುವ ಪೆಪ್ಟೈಡ್ ಎಂದರ್ಥ, ಚುಟುಕಾಗಿ ಡಿ.ಎಸ್.ಐ.ಪಿ. ಶಾಯಿ ಸಿಕ್ಕಿತು ಅಂತ ಅನೇಕರು ಸಂತೋಷಪಟ್ಟರು.

ನನ್ನ ತಕರಾರು ಈ ಹೆಸರಿನ ಬಗ್ಗೆಯೇ. ಮೊದಲ ಪ್ರಯೋಗದ ಫಲಿತಾಂಶವನ್ನೇ ಹೆಸರಾಗಿ ಇಟ್ಟುಬಿಟ್ಟರು. ಆಮೇಲೆ ಬೇರೆ ಬೇರೆ ಪ್ರಯೋಗಾಲಯಗಳಲ್ಲಿ ಮಾಡಿ ನೋಡಿದಾಗ ಕೆಲವು ಕಡೆ ಪ್ರಾಣಿಗಳು ಮಲಗಿದವು, ಕೆಲವು ಕಡೆ ಏನೂ ಆಗಲಿಲ್ಲ. ಮನುಷ್ಯರ ಮೇಲೆ ಮಾಡಿದ್ದೆಲ್ಲ ಸಣ್ಣ ಪ್ರಯೋಗಗಳು, ಸಿಕ್ಕ ಪರಿಣಾಮವೂ ಗಟ್ಟಿಯಾಗಿರಲಿಲ್ಲ. ರಕ್ತದಲ್ಲಿ ಈ ಪೆಪ್ಟೈಡ್ ನಿಮಿಷಗಳ ಲೆಕ್ಕದಲ್ಲಿ ಒಡೆದುಹೋಗುತ್ತದೆ. ಎಲ್ಲಕ್ಕಿಂತ ದೊಡ್ಡ ಕೊರತೆ ಬೇರೆ ಇದೆ. ದೇಹದಲ್ಲಿ ಪೆಪ್ಟೈಡ್ ತಯಾರಾಗಬೇಕಾದರೆ ಅದಕ್ಕೊಂದು ಜೀನ್ ಬೇಕು. ಕೆಲಸ ಮಾಡಬೇಕಾದರೆ ಜೀವಕೋಶದ ಮೇಲೆ ಅದು ಹೋಗಿ ಕೂರುವ ಗ್ರಾಹಕ ಬೇಕು, ಬೀಗದ ಕೈಗೆ ಬೀಗ ಇದ್ದ ಹಾಗೆ. ಡಿ.ಎಸ್.ಐ.ಪಿ.ಗೆ ಇವೆರಡೂ ಇನ್ನೂ ಸಿಕ್ಕಿಲ್ಲ. 2006ರಲ್ಲಿ ಇದರ ಬಗ್ಗೆ ಬಂದ ಒಂದು ವಿಮರ್ಶಾ ಲೇಖನ ಇದನ್ನು ಬಿಡಿಸಲಾಗದ ಒಗಟು ಎಂದೇ ಕರೆಯಿತು. ಹೆಸರು ಮಾತ್ರ ಹಾಗೇ ಉಳಿದಿದೆ.

ಪಕ್ಕದಲ್ಲಿ ಇನ್ನೊಂದು ಪೆಪ್ಟೈಡ್ ಇಟ್ಟು ನೋಡಿ. 1998ರಲ್ಲಿ ಅಮೆರಿಕದ ಎರಡು ತಂಡಗಳು ಹೆಚ್ಚು ಕಡಿಮೆ ಒಟ್ಟಿಗೇ ಅದನ್ನು ಕಂಡುಹಿಡಿದವು. ಸಕುರಾಯಿ ಮತ್ತು ಯನಗಿಸಾವಾ ತಂಡ, ಇಲಿಗಳಿಗೆ ಇದನ್ನು ಕೊಟ್ಟಾಗ ಹೆಚ್ಚು ತಿಂದವು ಅಂತ, ಹಸಿವು ಎಂಬ ಅರ್ಥದ ಗ್ರೀಕ್ ಪದದಿಂದ ಒರೆಕ್ಸಿನ್ ಎಂದು ಕರೆಯಿತು. ಆದರೆ ಮರುವರ್ಷವೇ ಕಥೆ ತಿರುಗಿತು. ಸ್ಟ್ಯಾನ್‌ಫರ್ಡ್‌ನಲ್ಲಿ ಮಿನ್ಯೋ ತಂಡ ಸಾಕಿದ್ದ ಕೆಲವು ಡಾಬರ್‌ಮನ್ ನಾಯಿಗಳು ಊಟದ ತಟ್ಟೆ ಕಂಡ ಖುಷಿಗೇ ಕುಸಿದು ಬೀಳುತ್ತಿದ್ದವು. ನಾರ್ಕೊಲೆಪ್ಸಿ ಎಂಬ ನಿದ್ರಾರೋಗ ಅದು. ಆ ನಾಯಿಗಳಲ್ಲಿ ಕೆಟ್ಟಿದ್ದು ಒರೆಕ್ಸಿನ್‌ನ ಒಂದು ಗ್ರಾಹಕದ ಜೀನ್! ಮುಂದೆ ಈ ರೋಗ ಇರುವ ಮನುಷ್ಯರ ಮೆದುಳಿನಲ್ಲಿ ಒರೆಕ್ಸಿನ್ ಮಾಡುವ ಜೀವಕೋಶಗಳೇ ಬಹುಪಾಲು ನಾಶವಾಗಿರುವುದು ಕಂಡಿತು. ಹಸಿವಿನ ಹೆಸರಿನದ್ದು ನಮ್ಮನ್ನು ಎಚ್ಚರವಾಗಿಡುವ ಪೆಪ್ಟೈಡ್ ಆಗಿ ಹೊರಬಂತು. ಜೀನ್ ಇದೆ, ಗ್ರಾಹಕ ಇದೆ, ಇಲ್ಲದಿದ್ದರೆ ಏನಾಗುತ್ತದೆಂದೂ ಗೊತ್ತು. ಆ ಗ್ರಾಹಕವನ್ನು ತಡೆಯುವ ನಿದ್ದೆಯ ಔಷಧಿಗೆ 2014ರಲ್ಲಿ ಅಮೆರಿಕದಲ್ಲಿ ಅನುಮತಿಯೂ ಸಿಕ್ಕಿತು. ಇಲ್ಲಿ ಹೆಸರು ತಪ್ಪು, ಪುರಾವೆ ಸರಿ. ಡಿ.ಎಸ್.ಐ.ಪಿ.ಯದ್ದು ಉಲ್ಟಾ.

ಇದೆಲ್ಲ ನಮಗ್ಯಾಕೆ ಅಂತೀರಾ? ಫೋನಿನಲ್ಲಿ ಈಗ ಡಿ.ಎಸ್.ಐ.ಪಿ. ಮಾರಾಟಕ್ಕೆ ಸಿಗುತ್ತದೆ ಮಕ್ಕಳೇ. ಪುಟ್ಟ ಗಾಜಿನ ಕುಪ್ಪಿಯಲ್ಲಿ ಬಿಳಿ ಪುಡಿ. ಸಂಶೋಧನೆಗೆ ಮಾತ್ರ, ಮನುಷ್ಯರ ಬಳಕೆಗಲ್ಲ ಅಂತ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಗಾಢ ನಿದ್ದೆಯ ಮಾತು ದೊಡ್ಡ ಅಕ್ಷರದಲ್ಲಿ. ಪ್ರಯೋಗಾಲಯದ ರಾಸಾಯನಿಕಕ್ಕೂ ಔಷಧಿಗೂ ಇರುವ ಅಂತರ ಆ ಸಣ್ಣ ಅಕ್ಷರದಲ್ಲೇ ಇದೆ. ಔಷಧಿಯಾದರೆ ಅದರ ಶುದ್ಧತೆ, ಪ್ರಮಾಣ, ಅಡ್ಡಪರಿಣಾಮ ಎಲ್ಲಕ್ಕೂ ಯಾರೋ ಉತ್ತರ ಕೊಡಬೇಕು. ಕುಪ್ಪಿಯ ಪುಡಿಗೆ ಯಾರೂ ಕೊಡುವುದಿಲ್ಲ. ಮನೆಯಲ್ಲಿ ಯಾರಿಗಾದರೂ ವಾರಗಟ್ಟಲೆ ನಿದ್ದೆ ಬರದಿದ್ದರೆ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಬೆಂಗಳೂರಿನ ನಿಮ್ಹಾನ್ಸ್‌ನಂಥ ಸಂಸ್ಥೆಗಳಲ್ಲಿ ನಿದ್ದೆಯನ್ನೇ ಅಳೆದು ನೋಡುವ ವ್ಯವಸ್ಥೆ ಇದೆ.

ಅಂದ ಹಾಗೆ, ಲೆಕ್ಕ ಬರೆಯುವ ಶಾಯಿಗಳಲ್ಲಿ ಒಂದಂತೂ ಸಿಕ್ಕಿದೆ. ಅದು ಪೆಪ್ಟೈಡ್ ಅಲ್ಲ, ಅಡಿನೋಸಿನ್. ಎಚ್ಚರ ಇದ್ದಷ್ಟೂ ಮೆದುಳಿನಲ್ಲಿ ಇದು ಹೆಚ್ಚುತ್ತದೆ, ತೂಕಡಿಕೆ ತರುತ್ತದೆ. ಇದರ ಗ್ರಾಹಕದ ಮೇಲೆ ಬಂದು ಕೂತು ದಾರಿ ಅಡ್ಡಗಟ್ಟುವುದೇ ಕಾಫಿಯ ಕೆಫೀನ್. 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ವಯನಾಡಿನ ರೊಬಸ್ಟಾದಲ್ಲಿ ಅರೇಬಿಕಾಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು ಕೆಫೀನ್. ಅಟ್ಟಣೆಯ ಮೇಲಿನ ಕಾವಲುಗಾರನಿಗೆ ಅದು ಬೇಕು, ಪಾಪ. ಎಸ್ಸೆಸ್ಸೆಲ್ಸಿ ಪರೀಕ್ಷೆಯ ಹಿಂದಿನ ರಾತ್ರಿ ಲೋಟಗಟ್ಟಲೆ ಕುಡಿಯುವ ನಿಮಗೆ ಬೇಡ. ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು ಐದು ಗಂಟೆ ಹಿಡಿಯುತ್ತದೆ. ಹತ್ತು ಗಂಟೆಗೆ ಕುಡಿದದ್ದು ಮೂರು ಗಂಟೆಗೂ ಅರ್ಧ ಉಳಿದಿರುತ್ತದೆ. ನಿಮ್ಮ ವಯಸ್ಸಿಗೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕು.

ಪಾಠಪುಸ್ತಕದಲ್ಲಿ ಬಗೆಹರಿದದ್ದು ಮಾತ್ರ ಇರುತ್ತದೆ. ಬಗೆಹರಿಯದ್ದನ್ನು ಹೇಳಿದರೆ ಮಕ್ಕಳಿಗೆ ಗೊಂದಲ ಅಂತ ನಮ್ಮ ಕೆಲವು ಅಧ್ಯಾಪಕರೇ ವಾದಿಸುತ್ತಾರೆ. ನಾನು ಒಪ್ಪುವುದಿಲ್ಲ. ಇನ್ಸುಲಿನ್ ಪಾಠದ ಪಕ್ಕದಲ್ಲಿ ಡಿ.ಎಸ್.ಐ.ಪಿ.ಯದ್ದೂ ಅರ್ಧ ಪುಟ ಇದ್ದರೆ, ಕುಪ್ಪಿಯ ಜಾಹೀರಾತು ಬಂದಾಗ ಇದರ ಜೀನ್ ಎಲ್ಲಿ, ಗ್ರಾಹಕ ಎಲ್ಲಿ ಅಂತ ಹತ್ತನೆಯ ತರಗತಿಯವರೇ ಕೇಳಿಯಾರು.

ಈ ಸಲದ ಶಾಸ್ತ್ರಮೇಳಕ್ಕೆ ವಿಷಯ ಹುಡುಕುತ್ತಿದ್ದರೆ ಒಂದು ಸೂಚನೆ. ಎರಡು ವಾರ ತರಗತಿಯ ಎಲ್ಲರೂ ನಿದ್ದೆಯ ಡೈರಿ ಬರೆಯಿರಿ: ಮಲಗಿದ ಹೊತ್ತು, ಎದ್ದ ಹೊತ್ತು, ಸಂಜೆಯ ನಂತರ ಕುಡಿದ ಕಾಫಿ, ಮನೆಯವರು ಗದ್ದೆ ಕಾವಲಿಗೆ ಹೋಗಿದ್ದರೋ ಇಲ್ಲವೋ. ಹೆಸರಿನ ಬದಲು ನಂಬರು ಹಾಕಿ. ಫಲಿತಾಂಶ ಏನೇ ಬರಲಿ, ಏನೂ ವ್ಯತ್ಯಾಸ ಕಾಣದಿದ್ದರೂ ಸರಿ, ಚಾರ್ಟಿನಲ್ಲಿ ಹಾಗೇ ಬರೆಯಿರಿ.